ವಾರದ ಸಂತೆ, ತಿಂಗಳ ಉದ್ರಿ, ವರ್ಷದ ಜೋಳ: ಮಿರಜ ಪೂರ್ವಭಾಗದಲ್ಲಿ ಮನೆಯ ದಿನಸಿ ವೆಚ್ಚವನ್ನು ಅಳೆಯುವ ಬಗೆ

ಒಂದು ಕುಟುಂಬ ವಾರಕ್ಕೆ ಎಷ್ಟು ರೂಪಾಯಿಯ ದಿನಸಿ ಕೊಳ್ಳುತ್ತದೆ ಎಂಬ ಪ್ರಶ್ನೆಗೆ ತಿಂಗಳ ಪಗಾರದ ಮೇಲೆ ನಡೆಯುವ ನಗರದ ಮನೆಯಲ್ಲಿ ಉತ್ತರ ಸುಲಭವಾಗಿ ದೊರೆಯಬಹುದು. ಆದರೆ ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಪೂರ್ವ ಅಂಚಿನಲ್ಲಿ, ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿಗೆ ಸಮೀಪವಾಗಿರುವ ಸಲಗರೆಯಂತಹ ಊರಿನಲ್ಲಿ ಅದೇ ಪ್ರಶ್ನೆ ಮೂರು ಬೇರೆ ಬೇರೆ ಲೆಕ್ಕಗಳಾಗಿ ಒಡೆಯುತ್ತದೆ. ಕಾಯಿಪಲ್ಲೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಹಣ್ಣು, ಚುರಮುರಿ, ಫರಸಾಣಗಳು ವಾರದ ಸಂತೆಯಲ್ಲಿ ರೊಕ್ಕ ಕೊಟ್ಟು ಕೊಳ್ಳುವ ಸಾಮಾನುಗಳು. ಎಣ್ಣೆ, ಸಕ್ಕರೆ, ಚಹಾಪುಡಿ, ಸಾಬೂನುಗಳು ಕಿರಾಣಿ ಅಂಗಡಿಯಿಂದ, ಅನೇಕ ಮನೆಗಳ ಮಟ್ಟಿಗೆ ಉದ್ರಿಯಲ್ಲಿ, ಅಂದರೆ ಮುಂದೆ ಕೊಡುವ ಮಾತಿನ ಮೇಲೆ, ಬರುವಂಥವು. ಜೋಳವಾದರೋ ಹಿಂಗಾರಿ ಸುಗ್ಗಿಯಲ್ಲಿ ಹೊಲದಿಂದ ಬರುತ್ತದೆ, ಇಲ್ಲವೇ ಆ ಹೊತ್ತಿನಲ್ಲಿಯೇ ಚೀಲಗಟ್ಟಲೆ ಕೊಂಡು ವರ್ಷದ ಮಟ್ಟಿಗೆ ತುಂಬಿಡಲ್ಪಡುತ್ತದೆ. ಈ ಮೂರು ಗತಿಗಳನ್ನು ಒಂದೇ ವಾರದ ಚೌಕಟ್ಟಿಗೆ ತುರುಕಿದಾಗ ದೊರೆಯುವ ಅಂಕಿ ಮನೆಯವರು ಉಂಡದ್ದನ್ನಲ್ಲ, ಆ ವಾರ ಅವರ ಕೈಯಿಂದ ಹೋದ ರೊಕ್ಕವನ್ನು ಮಾತ್ರ ಹೇಳುತ್ತದೆ ಎಂಬುದೂ, ಇವೆರಡರ ನಡುವಿನ ಅಂತರ ಬಡ ಮನೆಗಳಲ್ಲಿಯೇ ಹೆಚ್ಚು ಎಂಬುದೂ ಈ ಲೇಖನದ ವಾದ.

ಮನೆವೆಚ್ಚದ ಅಧ್ಯಯನಕ್ಕೆ ದೀರ್ಘ ಇತಿಹಾಸವಿದೆ. ಜರ್ಮನಿಯ ಸ್ಯಾಕ್ಸನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ, ಕುಟುಂಬದ ಆದಾಯ ಏರಿದಂತೆ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಇಳಿಯುತ್ತದೆ ಎಂಬ ಸೂತ್ರವನ್ನು ಮುಂದಿಟ್ಟನು. ಎಂಗೆಲ್‌ನ ನಿಯಮವೆಂದೇ ಹೆಸರಾದ ಇದು ಇಂದಿಗೂ ಜೀವನಮಟ್ಟವನ್ನು ಅಂದಾಜು ಮಾಡುವ ಮೊದಲ ಅಳತೆಯಾಗಿ ಬಳಕೆಯಲ್ಲಿದೆ. ಮುಂಬಯಿ ಪ್ರಾಂತದಲ್ಲಿ ಹೆರಾಲ್ಡ್ ಮ್ಯಾನ್ ಪುಣೆಯ ಬಳಿಯ ಪಿಂಪ್ಳೆ ಸೌದಾಗರ ಹಳ್ಳಿಯ ಭೂಮಿ, ದುಡಿಮೆ, ಸಾಲಗಳನ್ನು ಮನೆಮನೆಯಾಗಿ ಲೆಕ್ಕಹಾಕಿ 1917ರಲ್ಲಿ ಪ್ರಕಟಿಸಿದ್ದು ದಖ್ಖನಿನ ಒಣಭೂಮಿಯ ಕುಟುಂಬದ ಜಮಾಖರ್ಚನ್ನು ಶಾಸ್ತ್ರೀಯವಾಗಿ ನೋಡಿದ ಆರಂಭದ ಪ್ರಯತ್ನಗಳಲ್ಲೊಂದು. 1971ರಲ್ಲಿ ವಿ. ಎಂ. ದಾಂಡೇಕರ ಮತ್ತು ನೀಲಕಂಠ ರಥ ಅವರು ಸಾಕಷ್ಟು ಉಷ್ಣಾಂಶದ ಆಹಾರ ದೊರೆಯಬೇಕಾದರೆ ಮನುಷ್ಯನೊಬ್ಬನಿಗೆ ಎಷ್ಟು ವೆಚ್ಚ ಬೇಕು ಎಂಬುದರಿಂದ ಬಡತನದ ರೇಖೆಯನ್ನು ಎಳೆದ ಮೇಲಂತೂ, ಭಾರತದಲ್ಲಿ ದಿನಸಿಯ ಲೆಕ್ಕವೆಂದರೆ ಬಡತನದ ಲೆಕ್ಕವೇ ಆಯಿತು.

ಇತ್ತೀಚಿನ ಅಧಿಕೃತ ಅಂಕಿಗಳು 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿಯೂ ಅದರ ಮರುವರ್ಷದ ಸಮೀಕ್ಷೆಯಲ್ಲಿಯೂ ದೊರೆಯುತ್ತವೆ. ಮೊದಲನೆಯದರ ಪ್ರಕಾರ ಗ್ರಾಮೀಣ ಭಾರತದಲ್ಲಿ ತಲಾ ತಿಂಗಳ ವೆಚ್ಚ 3,773 ರೂಪಾಯಿ, ಮಹಾರಾಷ್ಟ್ರದ ಹಳ್ಳಿಗಳಲ್ಲಿ 4,010 ರೂಪಾಯಿ, ಕರ್ನಾಟಕದ ಹಳ್ಳಿಗಳಲ್ಲಿ 4,397 ರೂಪಾಯಿ. ಅಖಿಲ ಭಾರತದ ಗ್ರಾಮೀಣ ವೆಚ್ಚದಲ್ಲಿ ಆಹಾರದ ಪಾಲು ಶೇ. 46.38, ಅಂದರೆ ತಲೆಗೆ ತಿಂಗಳಿಗೆ ಸುಮಾರು 1,750 ರೂಪಾಯಿ. ವರ್ಷದ ಮೊತ್ತವನ್ನು 52 ವಾರಗಳಿಗೆ ಹಂಚಿದರೆ ತಲೆಗೆ ವಾರಕ್ಕೆ ಸುಮಾರು 404 ರೂಪಾಯಿಯೂ ಐದು ಜನರ ಮನೆಗೆ ಸುಮಾರು 2,020 ರೂಪಾಯಿಯೂ ಆಗುತ್ತದೆ. ಇದು ದೇಶದ ಸರಾಸರಿಯೇ ಹೊರತು ಸಲಗರೆಯ ಅಂಕಿಯಲ್ಲ. ಹೋಲಿಕೆಗೆ ಒಂದು ಗುರುತಿನ ಕಲ್ಲಾಗಿ ಮಾತ್ರ ಇದನ್ನು ಇಲ್ಲಿ ಬಳಸಲಾಗಿದೆ.

ಈ ಸರಾಸರಿಯ ಒಳರಚನೆ ಅದರ ಮೊತ್ತಕ್ಕಿಂತ ಹೆಚ್ಚು ಮಹತ್ವದ್ದು. 1999-2000ರಲ್ಲಿ ಗ್ರಾಮೀಣ ವೆಚ್ಚದ ಶೇ. 22ರಷ್ಟನ್ನು ಧಾನ್ಯಗಳೇ ನುಂಗುತ್ತಿದ್ದವು. 2011-12ರಲ್ಲಿ ಆ ಪಾಲು ಶೇ. 10.75ಕ್ಕೆ, 2022-23ರಲ್ಲಿ ಶೇ. 4.91ಕ್ಕೆ ಇಳಿಯಿತು. ಅದೇ ವರ್ಷ ಚಹಾ, ತಿಂಡಿ, ಬಿಸ್ಕಿಟು, ಸಿದ್ಧ ಆಹಾರಗಳ ಗುಂಪಿನ ಪಾಲು ಶೇ. 9.62ಕ್ಕೆ ಏರಿತ್ತು, ಅಂದರೆ ಐದು ಜನರ ಮನೆಯೊಂದು ಧಾನ್ಯಕ್ಕೆ ವಾರಕ್ಕೆ ಸುಮಾರು 213 ರೂಪಾಯಿ ತೆಗೆದಿಟ್ಟರೆ ಈ ಗುಂಪಿಗೆ ಸುಮಾರು 419 ರೂಪಾಯಿ ಕೊಡುತ್ತಿತ್ತು. ಹೊಟ್ಟೆ ತುಂಬುವ ಪದಾರ್ಥ ಅಗ್ಗವಾಗಿ ಬಾಯಿಯ ರುಚಿಗೆ ರೊಕ್ಕ ಉಳಿಯಿತೆಂದು ಇದನ್ನು ಓದುವುದುಂಟು. ಆ ಓದು ಪೂರ್ತಿ ತಪ್ಪಲ್ಲವಾದರೂ, ಧಾನ್ಯದ ಬೆಲೆಯಲ್ಲಿ ಎಷ್ಟು ಭಾಗ ಲೆಕ್ಕಕ್ಕೆ ಬಂದಿದೆ, ಎಷ್ಟು ಬಂದಿಲ್ಲ ಎಂಬುದನ್ನು ನೋಡದೆ ಅದನ್ನು ಒಪ್ಪಲಾಗದು. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಅಡಿಯಲ್ಲಿ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ ಒಟ್ಟಾಗಿ 35 ಕಿಲೋ ಧಾನ್ಯ 2023ರ ಜನವರಿ 1ರಿಂದ ಉಚಿತವಾಗಿ ದೊರೆಯುತ್ತಿದೆ. ಬೆಲೆಯಿಲ್ಲದೆ ಬಂದ ಗೋಧಿ, ಅಕ್ಕಿಗಳು ಮುಖ್ಯ ಅಂದಾಜಿನ ವೆಚ್ಚದೊಳಗೆ ಬರುವುದಿಲ್ಲ. ಇಂತಹ ಉಚಿತ ವಸ್ತುಗಳಿಗೆ ಬೆಲೆ ಕಟ್ಟಿ ಸೇರಿಸಿದ ಎರಡನೆಯ ಅಂದಾಜಿನಲ್ಲಿ ಗ್ರಾಮೀಣ ತಲಾ ವೆಚ್ಚ 3,860 ರೂಪಾಯಿ. ಮನೆಯಲ್ಲಿ ಬೆಳೆದ ಜೋಳಕ್ಕೆ ಮಾತ್ರ ಸಮೀಕ್ಷೆ ಮೊದಲಿನಿಂದಲೂ ಬೆಳೆದ ಸ್ಥಳದಲ್ಲಿಯ ದರವನ್ನು ಕಟ್ಟಿ ವೆಚ್ಚಕ್ಕೆ ಸೇರಿಸುತ್ತದೆ.

ಇಲ್ಲಿಯೇ ವಾರದ ಪ್ರಶ್ನೆ ಎದುರಾಗುತ್ತದೆ. ಸಮೀಕ್ಷೆಯವರು ಮನೆಯವರನ್ನು ಹಿಂದಿನ ಎಷ್ಟು ದಿನಗಳ ಬಳಕೆಯನ್ನು ನೆನೆದು ಹೇಳಲು ಕೇಳುತ್ತಾರೋ ಅದನ್ನು ನೆನಪಿನ ಅವಧಿ ಎನ್ನಬಹುದು. ಈ ವೆಚ್ಚ ಸಮೀಕ್ಷೆಗಳನ್ನು ನಡೆಸುತ್ತ ಬಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ಬಹುಕಾಲ ಆಹಾರಕ್ಕೆ 30 ದಿನಗಳ ಅವಧಿಯನ್ನೇ ಇಟ್ಟುಕೊಂಡಿತ್ತು. 1990ರ ದಶಕದ ನಡುವಿನ ಸುತ್ತುಗಳಲ್ಲಿ ಪ್ರಯೋಗಾರ್ಥ ಕೆಲವು ಮನೆಗಳಿಗೆ 7 ದಿನಗಳ ಅವಧಿ ಕೊಟ್ಟಾಗ ಅವರು ಹೇಳಿದ ಬಳಕೆ ಗಣನೀಯವಾಗಿ ಹೆಚ್ಚು ಬಂತು. 1999-2000ರ 55ನೆಯ ಸುತ್ತಿನಲ್ಲಿ ಒಂದೇ ಮನೆಯವರಿಗೆ ಎರಡೂ ಅವಧಿಗಳ ಪ್ರಶ್ನೆಯನ್ನು ಅಕ್ಕಪಕ್ಕದಲ್ಲಿಯೇ ಕೇಳಲಾಯಿತು. ಒಂದರ ಉತ್ತರ ಇನ್ನೊಂದನ್ನು ಎಳೆದು ಸರಿಹೊಂದಿಸಿತೆಂಬ ಆಕ್ಷೇಪ ಎದ್ದು, ಆ ವರ್ಷದ ಬಡತನದ ಅಂದಾಜುಗಳನ್ನು ಹಳೆಯವುಗಳೊಡನೆ ಹೋಲಿಸಬಹುದೇ ಎಂಬ ಚರ್ಚೆ ಅರ್ಥಶಾಸ್ತ್ರಜ್ಞರ ನಡುವೆ ವರ್ಷಗಟ್ಟಲೆ ನಡೆಯಿತು. ಕೋಟ್ಯಂತರ ಜನರನ್ನು ಬಡವರೆಂದೋ ಅಲ್ಲವೆಂದೋ ಎಣಿಸುವುದು, ವಾರ ಹಿಡಿದು ಕೇಳಿದರೋ ತಿಂಗಳು ಹಿಡಿದು ಕೇಳಿದರೋ ಎಂಬುದರ ಮೇಲೆ ನಿಲ್ಲಬಹುದೆಂಬ ಅರಿವು ಆ ಚರ್ಚೆಯ ದೊಡ್ಡ ಫಲ. ಈಗ ಬಳಕೆಯಲ್ಲಿರುವ ಮಾರ್ಪಟ್ಟ ಮಿಶ್ರ ಅವಧಿ ಪದ್ಧತಿಯಲ್ಲಿ ಖಾದ್ಯ ತೈಲ, ಮೊಟ್ಟೆ, ಮೀನು, ಮಾಂಸ, ತರಕಾರಿ, ಹಣ್ಣು, ಮಸಾಲೆ, ಸಿದ್ಧ ತಿನಿಸುಗಳಿಗೆ 7 ದಿನ, ಧಾನ್ಯ ಬೇಳೆಗಳಿಗೆ 30 ದಿನ, ಬಟ್ಟೆ ಮೊದಲಾದವಕ್ಕೆ 365 ದಿನ ಎಂದು ಅವಧಿಯನ್ನು ಹಂಚಲಾಗಿದೆ.

ಈ ಹಂಚಿಕೆ ವಿದ್ವಾಂಸರು ಮೇಜಿನ ಮೇಲೆ ಕಂಡುಕೊಂಡದ್ದಾದರೂ ಸಲಗರೆಯ ಭಾಗದ ಸಂತೆಯ ವ್ಯವಹಾರ ಅದನ್ನು ಬಹುಪಾಲು ಸಮರ್ಥಿಸುತ್ತದೆ. ಪಶ್ಚಿಮ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೊಲದ ಕೂಲಿಯನ್ನು ಸಂತೆಯ ದಿನ ಲೆಕ್ಕಮಾಡಿ ಕೊಡುವ ರೂಢಿ ಹಳೆಯದು. ಆದುದರಿಂದ ಇಲ್ಲಿ ವಾರವೆಂಬುದು ಪಂಚಾಂಗದ ಏಳು ದಿನಗಳಷ್ಟೇ ಅಲ್ಲ. ಕೂಲಿ ಕೈಸೇರುವ, ಬಾಜಾರದ ಚೀಲ ತುಂಬುವ, ಕಿರಾಣಿಯ ಉದ್ರಿಯಲ್ಲಿ ಒಂದಿಷ್ಟು ತೀರುವ ಅವಧಿ. ಕೂಲಿಯ ಮನೆಯ ಹೆಣ್ಣುಮಗಳಿಗೆ ಹೋದ ಸಂತೆಯಲ್ಲಿ ಎಷ್ಟು ಖರ್ಚಾಯಿತೆಂದು ಕೇಳಿದರೆ ಅವಳು ನಿಖರವಾಗಿ ಹೇಳಬಲ್ಲಳು, ಏಕೆಂದರೆ ಆ ರೊಕ್ಕಕ್ಕೆ ಅವಳೇ ಕಾರಭಾರಿ. ತಿಂಗಳ ಖರ್ಚನ್ನು ಕೇಳಿದರೆ ಊಹಿಸಿ ಹೇಳಬೇಕಾಗುತ್ತದೆ. ದ್ರಾಕ್ಷಿ ಬೆಳೆದವರ ಲೆಕ್ಕ ಹೀಗಿಲ್ಲ. ಅವರಿಗೆ ರೊಕ್ಕ ಬರುವುದು ಹಣ್ಣು ಕಡಿದ ಮೇಲೆ ಅಥವಾ ಮಣೂಕ, ಎಂದರೆ ಒಣದ್ರಾಕ್ಷಿ, ಸಾಂಗಲಿ ತಾಸಗಾಂವಗಳ ಪೇಟೆಯಲ್ಲಿ ಮಾರಾಟವಾದ ಮೇಲೆ. ಅಲ್ಲಿಯತನಕ ಅಂಗಡಿಯ ವಹಿಯಲ್ಲಿ ಅವರ ಹೆಸರಿನ ಪುಟ ಬೆಳೆಯುತ್ತಲೇ ಹೋಗುತ್ತದೆ. ಕೂಲಿಯವರ ಉದ್ರಿ ಸಂತೆಯಿಂದ ಸಂತೆಗೆ, ತೋಟದವರ ಉದ್ರಿ ಸುಗ್ಗಿಯಿಂದ ಸುಗ್ಗಿಗೆ ಹೀಗೆ ನಡೆಯುವುದರಿಂದ, ಅಂಗಡಿಯವನು ಯಾರಿಗೆ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತಾನೆ ಎಂಬುದೇ ಆ ಮನೆ ವಾರಕ್ಕೆ ಏನು ತಿನ್ನುತ್ತದೆ ಎಂಬುದನ್ನು ಬಹುಮಟ್ಟಿಗೆ ನಿಶ್ಚಯಿಸುತ್ತದೆ. ಭೂಮಿಯಿಲ್ಲದವರಿಗೆ ಉದ್ರಿಯ ಮಿತಿ ಚಿಕ್ಕದು. ಆದಕಾರಣ ಅವರು ಎಣ್ಣೆಯನ್ನು ಪಾವ ಕಿಲೋದ ಲೆಕ್ಕದಲ್ಲಿ, ಚಹಾಪುಡಿಯನ್ನು ಐದು ಹತ್ತು ರೂಪಾಯಿಯ ಪುಡಿಕೆಯಲ್ಲಿ ಕೊಳ್ಳುತ್ತಾರೆ, ಮತ್ತು ದೊಡ್ಡ ಡಬ್ಬಿ ಕೊಳ್ಳುವವರಿಗಿಂತ ಪ್ರತಿ ಕಿಲೋಗೆ ಹೆಚ್ಚು ತೆರುತ್ತಾರೆ. ವೆಚ್ಚದ ರೂಪಾಯಿಯನ್ನಷ್ಟೇ ನೋಡುವ ಲೆಕ್ಕಕ್ಕೆ ಈ ಅನ್ಯಾಯ ಕಾಣುವುದೇ ಇಲ್ಲ.

ಎಣ್ಣೆಯ ವಿಷಯ ಇನ್ನಷ್ಟು ವಿವರವಾಗಿ ನೋಡುವಂಥದು. ಮಿರಜ ಪೂರ್ವಭಾಗ, ಜತ್ತ, ಅಥಣಿಗಳ ಮಳೆನೆರಳಿನ ಪ್ರದೇಶದಲ್ಲಿ ಹಿಂಗಾರಿ ಜೋಳದ ನಡುವೆ ಕುಸುಬಿಯನ್ನು ಅಕ್ಕಡಿ ಸಾಲಾಗಿ, ಎಂದರೆ ಮುಖ್ಯ ಬೆಳೆಯ ಮಧ್ಯೆ ಅಲ್ಲಲ್ಲಿ ಬಿತ್ತುವ ಉಪಬೆಳೆಯ ಸಾಲಾಗಿ, ಹಾಕುವುದು ರೂಢಿಯಾಗಿತ್ತು. ಆ ಕಾಳು ಗಾಣಕ್ಕೆ ಹೋಗಿ ಎಣ್ಣೆ ಅಡುಗೆಗೂ ಹಿಂಡಿ ದನಕ್ಕೂ ಬರುತ್ತಿತ್ತು. ಮನೆಯ ಎಣ್ಣೆಗೆ ಕೊಟ್ಟದ್ದು ಬಹುಮಟ್ಟಿಗೆ ಗಾಣದ ಕೂಲಿಯಷ್ಟೇ. ಮೈಸಾಳದಲ್ಲಿ ಕೃಷ್ಣೆಯ ನೀರನ್ನು ಎತ್ತಿ ಮಿರಜ, ಕವಠೆ ಮಹಾಂಕಾಳ, ಜತ್ತ ತಾಲೂಕುಗಳಿಗೆ ಹರಿಸುವ ಏತ ನೀರಾವರಿ ಯೋಜನೆಯ ನೀರು ತಲುಪಿದ ಹೊಲಗಳಲ್ಲಿ ಜೋಳ ಕುಸುಬಿಗಳ ಜಾಗವನ್ನು ದ್ರಾಕ್ಷಿ, ಕಬ್ಬುಗಳು ಹಿಡಿಯುತ್ತಿರುವಾಗ, ಮೊದಲು ಹೊಲದಿಂದ ಬರುತ್ತಿದ್ದ ಜೋಳವೂ ಎಣ್ಣೆಯೂ ಅಂಗಡಿಯಿಂದ ಬರಬೇಕಾದ ಸಾಮಾನುಗಳಾಗುತ್ತವೆ. ದೇಶದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು ಆಗಿರುವುದರಿಂದ, 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ ಶೇ. 20ಕ್ಕೆ ಏರಿದ್ದೂ 2025ರ ಮೇ ಕೊನೆಗೆ ಅದು ಶೇ. 10ಕ್ಕೆ ಇಳಿದದ್ದೂ ಇಂತಹ ಮನೆಗಳ ವಾರದ ಖರ್ಚನ್ನು ನೇರವಾಗಿ ತಟ್ಟುತ್ತವೆ. ದಿನಸಿಯ ವೆಚ್ಚ ಏರಿತೆಂದರೆ ಮನೆಯ ಊಟ ಸುಧಾರಿಸಿತೆಂದು ಅರ್ಥವಲ್ಲ. ಹಿಂದೆ ರೊಕ್ಕವಿಲ್ಲದೆ ಒಳಗೆ ಬರುತ್ತಿದ್ದ ಪದಾರ್ಥವೇ ಈಗ ರೊಕ್ಕ ಕೊಟ್ಟು ಬರುತ್ತಿರಬಹುದು. ಎಂಗೆಲ್‌ನ ನಿಯಮವನ್ನು ಈ ನೆಲಕ್ಕೆ ಅನ್ವಯಿಸುವವರು ಮೊದಲು ಬಿಡಿಸಬೇಕಾದ ಗಂಟು ಇದೇ.

ಗಡಿಯ ಎರಡೂ ಬದಿಯಲ್ಲಿ ಒಂದೇ ನುಡಿ, ಒಂದೇ ಬಗೆಯ ರೊಟ್ಟಿ ಪಲ್ಲೆಯ ಊಟವಿರುವ ಕನ್ನಡ ಕುಟುಂಬಗಳಿರುವುದರಿಂದ ಎರಡು ಸರ್ಕಾರಗಳ ನೀತಿಯ ಪರಿಣಾಮವನ್ನು ಹೋಲಿಸಲು ಇದು ಅಪೂರ್ವ ಕ್ಷೇತ್ರ. ಕರ್ನಾಟಕದ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಮಹಾರಾಷ್ಟ್ರದ ಲಾಡಕಿ ಬಹಿಣ ಯೋಜನೆ 2024ರ ಜುಲೈಯಿಂದ ಅರ್ಹ ಮಹಿಳೆಗೆ 1,500 ರೂಪಾಯಿ ಕೊಡುತ್ತದೆ. ವಾರದ ಲೆಕ್ಕಕ್ಕೆ ತಂದರೆ ಮೊದಲನೆಯದು ಸುಮಾರು 461, ಎರಡನೆಯದು ಸುಮಾರು 346 ರೂಪಾಯಿ; ಮೇಲೆ ಕಂಡ 2,020 ರೂಪಾಯಿಯ ಗುರುತಿಗೆ ಹಿಡಿದರೆ ಕ್ರಮವಾಗಿ ಶೇ. 23 ಮತ್ತು ಶೇ. 17ರಷ್ಟು. ಈ ಹಣವೆಲ್ಲ ದಿನಸಿಗೇ ಹೋಗುತ್ತದೆಂದು ತಿಳಿಯಬೇಕಾಗಿಲ್ಲ. ಆದರೆ ಸಂತೆಯ ರೊಕ್ಕದ ಕಾರಭಾರ ಯಾರ ಕೈಯಲ್ಲಿದೆಯೋ ಅವರ ಖಾತೆಗೇ ಇದು ಬರುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಇದಕ್ಕಿಂತ ಸೂಕ್ಷ್ಮವಾದ ಸಾಕ್ಷ್ಯ ಕರ್ನಾಟಕದ ಉಚಿತ ಅಕ್ಕಿಯ ಯೋಜನೆಯಾದ ಅನ್ನಭಾಗ್ಯದಲ್ಲಿದೆ. 2023ರ ಜುಲೈಯಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಡಲು ಆರಂಭವಾಗಿ, 2025ರಲ್ಲಿ ಅದು ಮತ್ತೆ ಅಕ್ಕಿಯ ರೂಪಕ್ಕೆ ತಿರುಗಿತು. ರೊಕ್ಕ ಬಂದ ತಿಂಗಳುಗಳಲ್ಲಿ ಅಥಣಿ ಕಡೆಯ ಮನೆ ಕೊಂಡ ಧಾನ್ಯ ವೆಚ್ಚದ ಪಟ್ಟಿಯಲ್ಲಿ ಕಾಣುತ್ತದೆ; ಅಕ್ಕಿ ಬಂದ ತಿಂಗಳುಗಳಲ್ಲಿ ಅಷ್ಟೇ ಉಂಡರೂ ಕಾಣುವುದಿಲ್ಲ.

ಆದುದರಿಂದ ಸಲಗರೆಯಂತಹ ಊರಿನ ದಿನಸಿ ವೆಚ್ಚವನ್ನು ಅಳೆಯಹೊರಡುವ ಕ್ಷೇತ್ರಾಧ್ಯಯನ ಮನೆಯವರ ಬಾಯಿಮಾತಿನ ಜೊತೆಗೆ ಅಂಗಡಿಯ ವಹಿ, ರೇಷನ್ ಅಂಗಡಿಯ ಪಾವತಿ, ಮನೆಯಲ್ಲಿ ಉಳಿದಿರುವ ಜೋಳದ ಚೀಲಗಳು ಎಂಬ ಮೂರನ್ನೂ ದಾಖಲಿಸಬೇಕಾಗುತ್ತದೆ, ಮತ್ತು ಭೇಟಿ ಸಂತೆಯ ಮರುದಿನ ನಡೆಯಿತೋ ಹಿಂದಿನ ದಿನ ನಡೆಯಿತೋ ಎಂಬುದನ್ನು ಪ್ರತಿ ಪ್ರಶ್ನಾವಳಿಯ ಮೇಲೂ ಬರೆಯಬೇಕಾಗುತ್ತದೆ. ಋತುವಿನ ವಿಷಯದಲ್ಲಿ ಒಂದೇ ಭೇಟಿ ಸಾಲದು: ಹಿಂಗಾರಿ ಜೋಳ ಒಕ್ಕಿ ಮುಗಿದ ಚೈತ್ರದಲ್ಲಿ, ಹೊಲದ ಕೆಲಸ ಕಡಿಮೆಯಾಗಿ ಉದ್ರಿ ಏರುವ ಮುಂಗಾರಿನ ಮೊದಲಲ್ಲಿ, ಹಬ್ಬಗಳ ಸಾಲಿಗೆ ಬೆಲ್ಲ, ಬೇಳೆ, ರವೆ, ಎಣ್ಣೆಗಳ ಖರೀದಿ ಹೆಚ್ಚುವ ಶ್ರಾವಣದಿಂದ ದೀಪಾವಳಿಯವರೆಗಿನ ಅವಧಿಯಲ್ಲಿ, ಹೀಗೆ ಒಂದೇ ಮನೆಗೆ ಕನಿಷ್ಠ ಮೂರು ಸಲ ಹೋದರೆ ಮಾತ್ರ ವಾರದ ಅಂಕಿಯನ್ನು ವರ್ಷಕ್ಕೆ ಗುಣಿಸುವ ಹಕ್ಕು ಅಧ್ಯಯನಕಾರರಿಗೆ ಬರುತ್ತದೆ.