ಹೊಸ ಮತ್ತು ಬಳಸಿದ ಮೋಟಾರು ಸೈಕಲ್: ಖರೀದಿಗೆ ಮುನ್ನ ವೆಚ್ಚದ ಹೋಲಿಕೆ

(ಸಾರ್ವಜನಿಕರ ಮಾಹಿತಿಗಾಗಿ)

ಮೋಟಾರು ಸೈಕಲ್ ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಹಾಲು ಮಾರುವವರು, ಗಾರೆ ಕೆಲಸದವರು, ಶಾಲಾ ಶಿಕ್ಷಕರು, ಬಸ್ಸಿನ ಸೌಕರ್ಯವಿಲ್ಲದ ಗ್ರಾಮಗಳ ವಿದ್ಯಾರ್ಥಿಗಳು ಮುಂತಾದವರ ದಿನನಿತ್ಯದ ದುಡಿಮೆ ಇದನ್ನೇ ಅವಲಂಬಿಸಿದೆ. ಅನೇಕ ಕುಟುಂಬಗಳಿಗೆ ಮನೆಯ ನಂತರದ ದೊಡ್ಡ ಖರೀದಿ ಇದೇ ಆಗಿರುತ್ತದೆ. ಆದುದರಿಂದ ಹೊಸ ವಾಹನವೋ ಬಳಸಿದ ವಾಹನವೋ ಎಂಬುದನ್ನು ಮಾರಾಟಗಾರರು ಹೇಳುವ ಬೆಲೆಯೊಂದರಿಂದಲೇ ತೀರ್ಮಾನಿಸದೆ, ವಾಹನವನ್ನು ಇಟ್ಟುಕೊಳ್ಳುವ ಪೂರ್ಣ ಅವಧಿಯ ವೆಚ್ಚವನ್ನು ಲೆಕ್ಕ ಹಾಕಿ ನಿರ್ಧರಿಸುವುದು ಸೂಕ್ತ. ಈ ಲೆಕ್ಕವನ್ನು ಮಾಡುವ ಕ್ರಮವನ್ನೂ, ಕರ್ನಾಟಕ ರಾಜ್ಯದಲ್ಲಿ ಅನ್ವಯವಾಗುವ ತೆರಿಗೆ, ಶುಲ್ಕ ಮತ್ತು ನಿಯಮಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಹೊಸ ವಾಹನದ ಬೆಲೆಯಲ್ಲಿ ಏನೇನು ಸೇರಿರುತ್ತದೆ?

ಜಾಹೀರಾತಿನಲ್ಲಿ ಕಾಣುವ ಎಕ್ಸ್-ಶೋರೂಂ ಬೆಲೆಯು ಅಂತಿಮ ಬೆಲೆಯಲ್ಲ. ಇದರ ಮೇಲೆ ಈ ಕೆಳಕಂಡ ಬಾಬುಗಳು ಸೇರುತ್ತವೆ.

ಅ) ಜೀವಾವಧಿ ತೆರಿಗೆ: ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ, 1957ರ ಅನ್ವಯ ಪೆಟ್ರೋಲ್ ದ್ವಿಚಕ್ರ ವಾಹನಗಳಿಗೆ ಬೆಲೆಯನ್ನು ಆಧರಿಸಿ ತೆರಿಗೆ ವಿಧಿಸಲಾಗುತ್ತದೆ. ಬೆಲೆಯು 50,000 ರೂ.ಗಳಿಂದ 1 ಲಕ್ಷ ರೂ.ಗಳವರೆಗೆ ಇದ್ದಲ್ಲಿ ಶೇ. 12, 1 ಲಕ್ಷ ರೂ. ಮೀರಿದಲ್ಲಿ ಶೇ. 18. ತೆರಿಗೆಯ ಮೊತ್ತದ ಮೇಲೆ ಉಪಕರವೂ ಉಂಟು. 1 ಲಕ್ಷದ ಗಡಿಯನ್ನು ಸ್ವಲ್ಪವೇ ದಾಟುವ ಮಾದರಿಗಳಲ್ಲಿ ತೆರಿಗೆಯ ವ್ಯತ್ಯಾಸವು ಆರು ಸಾವಿರ ರೂ.ಗಳಿಗೂ ಮೀರುವುದರಿಂದ ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಆ) ನೋಂದಣಿ ಶುಲ್ಕ: ಮೋಟಾರು ಸೈಕಲ್‌ಗೆ 300 ರೂ. ಹಾಗೂ ಸ್ಮಾರ್ಟ್ ಕಾರ್ಡ್‌ಗೆ 200 ರೂ. ಸಾಲ ಪಡೆದು ಖರೀದಿಸಿದಲ್ಲಿ ಸಾಲದ ಕರಾರನ್ನು ನೋಂದಣಿ ಪತ್ರದಲ್ಲಿ ನಮೂದಿಸಲು 500 ರೂ.

ಇ) ವಿಮೆ: 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ 5 ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 75ರಿಂದ 150 ಸಿ.ಸಿ. ವಾಹನಗಳಿಗೆ 5 ವರ್ಷಗಳ ಕಂತು 3,851 ರೂ.; 150ರಿಂದ 350 ಸಿ.ಸಿ.ವರೆಗೆ 7,365 ರೂ. ಇದರ ಮೇಲೆ ಸರಕು ಮತ್ತು ಸೇವಾ ತೆರಿಗೆ ಪ್ರತ್ಯೇಕ.

ಈ) ಇತರೆ: ಹೆಚ್ಚುವರಿ ಬಿಡಿಭಾಗಗಳು, ವಿಸ್ತರಿತ ವಾರಂಟಿ, "ನಿರ್ವಹಣಾ ಶುಲ್ಕ" ಎಂಬಿತ್ಯಾದಿ ಬಾಬುಗಳು ಸರ್ಕಾರದ ಶುಲ್ಕಗಳಲ್ಲ. ಮಾರಾಟಗಾರರಿಂದ ಬಾಬುವಾರು ದರಪಟ್ಟಿಯನ್ನು ಲಿಖಿತವಾಗಿ ಪಡೆದು, ಬೇಡವಾದುದನ್ನು ನಿರಾಕರಿಸಲು ಖರೀದಿದಾರರು ಸ್ವತಂತ್ರರು.

2. ಹಳೆಯ ಬಿಲ್ಲಿನ ಬೆಲೆಯು ಮಾನದಂಡವಲ್ಲ

350 ಸಿ.ಸಿ. ಮೀರದ ಮೋಟಾರು ಸೈಕಲ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ತೆರಿಗೆರಹಿತ ಬೆಲೆ 75,000 ರೂ. ಇರುವ ವಾಹನಕ್ಕೆ ಈ ಮೊದಲು 96,000 ರೂ. ಆಗುತ್ತಿದ್ದು, ಈಗ 88,500 ರೂ. ಆಗುತ್ತದೆ. ಆದಕಾರಣ ಮಾರಾಟ ಮಾಡುವವರು ತಾವು ಕೊಂಡಾಗಿನ ಬಿಲ್ಲನ್ನು ತೋರಿಸಿ ಬೆಲೆ ಹೇಳಿದಲ್ಲಿ, ಅದನ್ನು ಅದೇ ಮಾದರಿಯ ಇಂದಿನ ಬೆಲೆಯೊಂದಿಗೆ ಹೋಲಿಸತಕ್ಕದ್ದೇ ವಿನಾ ಅಂದಿನ ಬೆಲೆಯೊಂದಿಗಲ್ಲ. 350 ಸಿ.ಸಿ. ಮೀರಿದ ವಾಹನಗಳಿಗೆ ಇದೇ ದಿನಾಂಕದಿಂದ ತೆರಿಗೆಯು ಶೇ. 40 ಆಗಿರುವುದರಿಂದ ಅಲ್ಲಿ ಲೆಕ್ಕವು ತಿರುವುಮುರುವಾಗುತ್ತದೆ.

3. ಬಳಸಿದ ವಾಹನದ ನ್ಯಾಯವಾದ ಬೆಲೆಯನ್ನು ಅಂದಾಜಿಸುವುದು ಹೇಗೆ?

ವಿಮಾ ಕಂಪನಿಗಳು ವಾಹನದ ವಿಮಾ ಮೌಲ್ಯವನ್ನು ನಿಗದಿಪಡಿಸಲು ಅನುಸರಿಸುವ ಸವಕಳಿ ಪಟ್ಟಿಯು ಒಂದು ಉಪಯುಕ್ತ ಆಧಾರ. ಅದೇ ಮಾದರಿಯ ಈಗಿನ ಪಟ್ಟಿ ಬೆಲೆಯಿಂದ ಕಳೆಯಬೇಕಾದ ಪ್ರಮಾಣ ಹೀಗಿದೆ:

6 ತಿಂಗಳವರೆಗೆ – ಶೇ. 5
6 ತಿಂಗಳಿಂದ 1 ವರ್ಷ – ಶೇ. 15
1ರಿಂದ 2 ವರ್ಷ – ಶೇ. 20
2ರಿಂದ 3 ವರ್ಷ – ಶೇ. 30
3ರಿಂದ 4 ವರ್ಷ – ಶೇ. 40
4ರಿಂದ 5 ವರ್ಷ – ಶೇ. 50

ಉದಾಹರಣೆಗೆ, ಈಗ 90,000 ರೂ. ಪಟ್ಟಿ ಬೆಲೆಯಿರುವ ಮಾದರಿಯ, ನಾಲ್ಕು ವರ್ಷ ಮೀರಿದ ವಾಹನದ ಮೌಲ್ಯ ಈ ಪಟ್ಟಿಯಂತೆ 45,000 ರೂ. ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಮಾದರಿಗೆ ಇದಕ್ಕಿಂತ ಹೆಚ್ಚು, ಬೇಡಿಕೆಯಿಲ್ಲದುದಕ್ಕೆ ಕಡಿಮೆ ಬೆಲೆ ಇರಬಹುದು. ಈ ಮೌಲ್ಯವನ್ನು ಅಂತಿಮ ಬೆಲೆಯೆಂದು ತಿಳಿಯದೆ, ಚೌಕಾಸಿಗೆ ಆರಂಭದ ಅಂಕಿಯೆಂದು ಪರಿಗಣಿಸುವುದು.

4. ಐದು ವರ್ಷಗಳ ಲೆಕ್ಕ: ಒಂದು ಮಾದರಿ

ಈ ಕೆಳಗಿನ ಬೆಲೆ, ದುರಸ್ತಿ ಹಾಗೂ ಮರುಮಾರಾಟದ ಅಂಕಿಗಳು ಕೇವಲ ವಿವರಣೆಗಾಗಿ ಕಲ್ಪಿಸಿದವು. ಅರ್ಜಿದಾರರು ತಮ್ಮ ಊರಿನ ದರಗಳನ್ನು ಇವುಗಳ ಸ್ಥಾನದಲ್ಲಿ ಹಾಕಿಕೊಳ್ಳಬೇಕು. 125 ಸಿ.ಸಿ. ವಾಹನ, ವರ್ಷಕ್ಕೆ 10,000 ಕಿ.ಮೀ. ಓಡಾಟ, ಪೆಟ್ರೋಲ್ ಲೀಟರಿಗೆ 100 ರೂ. ಎಂದು ಭಾವಿಸಲಾಗಿದೆ.

ಹೊಸ ವಾಹನ:
ಎಕ್ಸ್-ಶೋರೂಂ ಬೆಲೆ – 90,000
ಜೀವಾವಧಿ ತೆರಿಗೆ (ಶೇ. 12) ಹಾಗೂ ತೆರಿಗೆಯ ಮೇಲೆ ಶೇ. 11 ಉಪಕರ – 11,988
ನೋಂದಣಿ, ಸ್ಮಾರ್ಟ್ ಕಾರ್ಡ್ ಮತ್ತು ಇತರೆ – 1,000
ಮೂರನೇ ವ್ಯಕ್ತಿ ವಿಮೆ, 5 ವರ್ಷ, ತೆರಿಗೆ ಸೇರಿ – 4,544
ಮೊದಲ ವರ್ಷದ ಸ್ವಂತ ಹಾನಿ ಹಾಗೂ ವೈಯಕ್ತಿಕ ಅಪಘಾತ ವಿಮೆ – 2,500
ಖರೀದಿಯ ದಿನದ ಒಟ್ಟು – 1,10,032
5 ವರ್ಷಗಳ ಸರ್ವೀಸ್ ಮತ್ತು ದುರಸ್ತಿ – 15,000
ಪೆಟ್ರೋಲ್ (ಲೀಟರಿಗೆ 55 ಕಿ.ಮೀ.) – 90,909
ಕಳೆಯಿರಿ: 5 ವರ್ಷಗಳ ನಂತರದ ಮರುಮಾರಾಟ – 45,000
ನಿವ್ವಳ ವೆಚ್ಚ – 1,70,941 ರೂ.

ನಾಲ್ಕು ವರ್ಷ ಬಳಸಿದ ಅದೇ ಮಾದರಿ:
ಒಪ್ಪಿದ ಬೆಲೆ – 50,000
ಮಾಲೀಕತ್ವ ವರ್ಗಾವಣೆ ಶುಲ್ಕ 150, ಸ್ಮಾರ್ಟ್ ಕಾರ್ಡ್ 200 – 350
ಮೆಕ್ಯಾನಿಕ್‌ರಿಂದ ತಪಾಸಣೆ – 500
ಟಯರ್, ಚೈನ್ ಸ್ಪ್ರಾಕೆಟ್, ಬ್ಯಾಟರಿ, ಬ್ರೇಕ್ ಬದಲಾವಣೆ – 8,500
ಖರೀದಿಯ ಸಮಯದ ಒಟ್ಟು – 59,350
ಉಳಿದಿರುವ ಒಂದು ವರ್ಷದ ವಿಮೆಯ ನಂತರ 4 ವರ್ಷಗಳ ಮೂರನೇ ವ್ಯಕ್ತಿ ವಿಮೆ – 3,370
5 ವರ್ಷಗಳ ಸರ್ವೀಸ್ ಮತ್ತು ದುರಸ್ತಿ – 25,000
ಪೆಟ್ರೋಲ್ (ಲೀಟರಿಗೆ 50 ಕಿ.ಮೀ.) – 1,00,000
ಕಳೆಯಿರಿ: 5 ವರ್ಷಗಳ ನಂತರದ ಮರುಮಾರಾಟ – 22,000
ನಿವ್ವಳ ವೆಚ್ಚ – 1,65,720 ರೂ.

ಖರೀದಿಯ ದಿನ 50,682 ರೂ. ಇದ್ದ ವ್ಯತ್ಯಾಸವು ಐದು ವರ್ಷಗಳ ಕೊನೆಯಲ್ಲಿ 5,221 ರೂ.ಗಳಿಗೆ ಇಳಿಯಿತು. ಅಂದರೆ ಹೆಚ್ಚು ಓಡಾಟವುಳ್ಳವರಿಗೆ ಬಳಸಿದ ವಾಹನದ ಲಾಭವು ಮೇಲ್ನೋಟಕ್ಕೆ ಕಂಡಷ್ಟಿಲ್ಲ. ಆದರೆ ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡಿಸುವವರಿಗೆ ಪೆಟ್ರೋಲಿನ ವ್ಯತ್ಯಾಸ 9,091 ರೂ.ಗಳಿಂದ 2,727 ರೂ.ಗಳಿಗೆ ಇಳಿದು, ದುರಸ್ತಿಯೂ ಕಡಿಮೆಯಾಗುವುದರಿಂದ ಬಳಸಿದ ವಾಹನವೇ ಲಾಭದಾಯಕವಾಗುತ್ತದೆ.

5. ಸಾಲದ ಬಡ್ಡಿಯನ್ನು ಮರೆಯಬಾರದು

ಮೇಲಿನ ಲೆಕ್ಕವು ಕೈಯಲ್ಲಿ ಹಣವಿರುವವರಿಗೆ ಅನ್ವಯಿಸುತ್ತದೆ. ಹೊಸ ವಾಹನಕ್ಕೆ 80,000 ರೂ. ಸಾಲವನ್ನು "ಶೇ. 10 ಫ್ಲಾಟ್" ದರದಲ್ಲಿ 3 ವರ್ಷಕ್ಕೆ ಪಡೆದಲ್ಲಿ ಬಡ್ಡಿ 24,000 ರೂ., ಮಾಸಿಕ ಕಂತು ಸುಮಾರು 2,889 ರೂ. ಆಗುತ್ತದೆ. ಆಗ ಬಳಸಿದ ವಾಹನವನ್ನು ನಗದಿಗೆ ಕೊಂಡವರ ಉಳಿತಾಯವು 29,221 ರೂ. ಆಗುವುದು.

ಫ್ಲಾಟ್ ದರದಲ್ಲಿ, ಪ್ರತಿ ತಿಂಗಳು ಅಸಲು ತೀರುತ್ತಿದ್ದರೂ ಬಡ್ಡಿಯನ್ನು ಮಾತ್ರ ಆರಂಭದ ಪೂರ್ಣ ಮೊತ್ತದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಇಳಿಕೆ ಬಾಕಿಯ ಪದ್ಧತಿಗೆ ಪರಿವರ್ತಿಸಿದರೆ ಇದೇ ಸಾಲದ ದರ ವಾರ್ಷಿಕ ಸುಮಾರು ಶೇ. 18. ಆದುದರಿಂದ ಎರಡು ಸಂಸ್ಥೆಗಳ ದರಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಪದ್ಧತಿಯಲ್ಲಿ ಕೇಳಿ ತಿಳಿಯಬೇಕು. ಒಟ್ಟು ಎಷ್ಟು ಕಂತು, ಒಟ್ಟು ಎಷ್ಟು ಹಣ ಎಂಬುದನ್ನು ಬರೆಸಿಕೊಳ್ಳಬೇಕು. ಬಳಸಿದ ವಾಹನದ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಹೆಚ್ಚು.

6. ವಾಹನದ ವಯಸ್ಸು ಏಕೆ ಮುಖ್ಯ?

ಅ) ಮೋಟಾರು ಸೈಕಲ್‌ನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತ. ನಂತರ 5 ವರ್ಷಗಳಿಗೊಮ್ಮೆ ವಾಹನದ ತಪಾಸಣೆಯೊಂದಿಗೆ ನವೀಕರಿಸತಕ್ಕದ್ದು. ನವೀಕರಣ ಶುಲ್ಕ 1,000 ರೂ.; 20 ವರ್ಷ ಮೀರಿದ ವಾಹನಗಳಿಗೆ 2025ರ ಆಗಸ್ಟ್‌ನಲ್ಲಿ ಇದನ್ನು 2,000 ರೂ.ಗಳಿಗೆ ಹೆಚ್ಚಿಸಲಾಯಿತು. ಹನ್ನೆರಡು, ಹದಿಮೂರು ವರ್ಷದ ವಾಹನವನ್ನು ಕೊಳ್ಳುವವರು ಈ ವೆಚ್ಚವನ್ನೂ ಹಸಿರು ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಆ) 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಬ್ರೇಕ್ ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಅನೇಕ ವಾಹನಗಳಲ್ಲಿ ಇದು ಇರುವುದಿಲ್ಲ. ಮಳೆಗಾಲದ ರಸ್ತೆಯಲ್ಲಿ ಇದರ ಪ್ರಯೋಜನವನ್ನು ರೂಪಾಯಿಗಳಲ್ಲಿ ಅಳೆಯಲಾಗದು.

ಇ) 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಯಲ್ಲಿದೆ.

ಈ) 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸಲು ಕರ್ನಾಟಕ ಸರ್ಕಾರವು 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಫಲಕ ಇಲ್ಲದಿದ್ದಲ್ಲಿ ಅದರ ವೆಚ್ಚ ಯಾರದೆಂದು ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು.

7. ಹಣ ಕೊಡುವ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು

(1) ನೋಂದಣಿ ಪತ್ರದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ತಾಳೆಯಾಗಬೇಕು. ಕೆತ್ತನೆಯನ್ನು ಉಜ್ಜಿದ ಅಥವಾ ತಿದ್ದಿದ ಗುರುತು ಕಂಡಲ್ಲಿ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು.
(2) ನೋಂದಣಿ ಸಂಖ್ಯೆಯ ವಿವರಗಳನ್ನು ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಪರಿಶೀಲಿಸುವುದು.
(3) ಬಾಕಿ ಇರುವ ಸಂಚಾರ ದಂಡಗಳನ್ನು ಮಾರಾಟಗಾರರಿಂದ ಕಟ್ಟಿಸಿಕೊಳ್ಳುವುದು.
(4) ಸಾಲದ ನಮೂದು ಇದ್ದಲ್ಲಿ, ಸಾಲ ನೀಡಿದ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಹಾಗೂ ಸಹಿಯಾದ ನಮೂನೆ-35. "ಸಾಲ ತೀರಿದೆ" ಎಂಬ ಬಾಯಿಮಾತು ಸಾಲದು.
(5) ಚಾಲ್ತಿಯಲ್ಲಿರುವ ವಿಮೆ ಮತ್ತು ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ.
(6) ಮಾಲೀಕರು ಮೃತರಾಗಿದ್ದಲ್ಲಿ, ವಾರಸುದಾರರು ನಮೂನೆ-31ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡಿರಬೇಕು.
(7) ಹೊರ ರಾಜ್ಯದ ವಾಹನವಾಗಿದ್ದಲ್ಲಿ, ನಮೂನೆ-28ರ ನಿರಾಕ್ಷೇಪಣಾ ಪತ್ರ ಅಗತ್ಯ. ಇಲ್ಲಿ ವಾಹನದ ವಯಸ್ಸಿಗೆ ಅನುಗುಣವಾಗಿ ಜೀವಾವಧಿ ತೆರಿಗೆಯನ್ನು ಹೊಸದಾಗಿ ಪಾವತಿಸಬೇಕಾಗುತ್ತದೆ. ಕಡಿಮೆ ಬೆಲೆಯ ಹೊರ ರಾಜ್ಯದ ವಾಹನವು ಕೊನೆಗೆ ದುಬಾರಿಯಾಗುವುದು ಇದರಿಂದಲೇ. ಕರ್ನಾಟಕದಲ್ಲೇ ನೋಂದಣಿಯಾಗಿ ಜೀವಾವಧಿ ತೆರಿಗೆ ಪಾವತಿಯಾದ ವಾಹನಕ್ಕೆ ರಾಜ್ಯದೊಳಗಿನ ವರ್ಗಾವಣೆಯಲ್ಲಿ ಮತ್ತೆ ಆ ತೆರಿಗೆ ಇಲ್ಲ.

ಬಳಸಿದ ವಾಹನಗಳ ವ್ಯಾಪಾರಿಗಳು 2023ರ ಏಪ್ರಿಲ್ 1ರಿಂದ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರವನ್ನು ಪಡೆದಿರುವುದು ಅಗತ್ಯ. ಅದನ್ನು ಕೇಳಿ ನೋಡುವುದು ಖರೀದಿದಾರರ ಹಕ್ಕು.

8. ಮಾಲೀಕತ್ವ ವರ್ಗಾವಣೆ: ಮುಂದೂಡಬಾರದ ಕೆಲಸ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಾಟ ಮಾಡಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಇದಕ್ಕೆ ನಮೂನೆ-29 ಮತ್ತು ನಮೂನೆ-30 ಬಳಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಹಿಂದಿನ ಮಾಲೀಕರ "ಕ್ಲೇಮು ರಹಿತ ರಿಯಾಯಿತಿ" ವ್ಯಕ್ತಿಗೆ ಸೇರಿದುದು. ಅದು ವಾಹನದೊಂದಿಗೆ ಬರುವುದಿಲ್ಲ.

ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಟ್ಟು ವಾಹನವನ್ನು ಕೈಬದಲಾಯಿಸುವ ರೂಢಿ ಅಪಾಯಕಾರಿ. ಕಡತದಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು. ವಾಹನ ಎರಡು ಮೂರು ಕೈ ದಾಟಿದ್ದರೂ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಬೀಳುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ತೀರ್ಪು ನೀಡಿದೆ. ವಿಮೆಯಿಲ್ಲದ ವಾಹನದಿಂದ ಪ್ರಾಣಹಾನಿಯಾದಲ್ಲಿ ಪರಿಹಾರದ ಮೊತ್ತವು ಒಂದು ಸಾಮಾನ್ಯ ಕುಟುಂಬದ ಜಮೀನು, ಮನೆಯನ್ನೇ ನುಂಗಬಹುದು. ವರ್ಗಾವಣೆಯ ಶುಲ್ಕವಾದರೋ 150 ರೂ. ಮಾತ್ರ. ಆದುದರಿಂದ ಪೂರ್ಣ ಹಣವನ್ನು ಒಮ್ಮೆಲೇ ನೀಡದೆ, ಒಂದು ಭಾಗವನ್ನು ವರ್ಗಾವಣೆ ಪೂರ್ಣಗೊಂಡ ನಂತರ ಕೊಡುವುದಾಗಿ ಬರಹದಲ್ಲಿ ಒಪ್ಪಿಕೊಳ್ಳುವುದು ಉಭಯತ್ರರಿಗೂ ಕ್ಷೇಮ.

9. ಸಾರಾಂಶ

ಹೆಚ್ಚು ದೂರ ಓಡಿಸುವವರು, ಕೈಯಲ್ಲಿ ಹಣವುಳ್ಳವರು ಹಾಗೂ ವಾಹನವನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಹೊಸ ವಾಹನ ಸೂಕ್ತವಾಗಬಹುದು. ಕಡಿಮೆ ಓಡಾಟವುಳ್ಳವರು, ಹೊಸ ವಾಹನಕ್ಕೆ ಸಾಲವನ್ನೇ ಅವಲಂಬಿಸಬೇಕಾದವರು ಹಾಗೂ ಹೊಸದಾಗಿ ಚಾಲನೆ ಕಲಿತವರಿಗೆ ಎರಡರಿಂದ ಐದು ವರ್ಷದೊಳಗಿನ, ದಾಖಲೆಗಳು ಸರಿಯಿರುವ ಬಳಸಿದ ವಾಹನ ಸೂಕ್ತ. ದಾಖಲೆಗಳು ಸರಿಯಿಲ್ಲದ ವಾಹನವು ಎಷ್ಟೇ ಅಗ್ಗವಾಗಿದ್ದರೂ ಅಗ್ಗವಲ್ಲ. ಯಾವ ವಾಹನವನ್ನೇ ಕೊಂಡರೂ ಐ.ಎಸ್.ಐ. ಮುದ್ರೆಯುಳ್ಳ ಹೆಲ್ಮೆಟ್‌ನ ಬೆಲೆಯನ್ನು ಸವಾರ ಮತ್ತು ಹಿಂಬದಿ ಸವಾರ ಇಬ್ಬರಿಗೂ ಸೇರಿಸಿ ಲೆಕ್ಕ ಹಾಕುವುದು.

ವಿಶೇಷ ಸೂಚನೆ: ತೆರಿಗೆ, ಶುಲ್ಕ ಮತ್ತು ವಿಮಾ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುತ್ತವೆ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರವೇ ಅನ್ವಯವಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಖುದ್ದಾಗಿ ಸಂಪರ್ಕಿಸಬಹುದು. ಮಧ್ಯವರ್ತಿಗಳನ್ನು ಅವಲಂಬಿಸದೆ ನೇರವಾಗಿ ಅರ್ಜಿ ಸಲ್ಲಿಸಿ, ಪಾವತಿಸಿದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಪಡೆಯಲು ಸಾರ್ವಜನಿಕರಲ್ಲಿ ಕೋರಲಾಗಿದೆ.