ಹಳೆಯ ಹಾಡು, ಹೊಸ ರೆಕಾರ್ಡು

ಬೀಟಲ್ಸ್ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದ ನಾಲ್ವರು ಹುಡುಗರ ರಾಕ್ ಸಂಗೀತದ ತಂಡ ಅದು. 1963ರಿಂದ 1965ರ ತನಕ ಅವರು ವರ್ಷಕ್ಕೆ ಎರಡರಂತೆ ದೊಡ್ಡ ರೆಕಾರ್ಡು ಕೊಟ್ಟರು. ಅದರಲ್ಲಿ ಒಂದು ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ತಪ್ಪದೆ ಬರ್ತಿತ್ತು.

1966ರಲ್ಲಿ ಈ ಲೆಕ್ಕ ತಪ್ಪಿತು. ದೇಶದೇಶ ತಿರುಗಿ ಹಾಡಿ ತಂಡಕ್ಕೆ ಸಾಕಾಗಿಹೋಗಿತ್ತು. ಆಗಸ್ಟ್ 29ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಡಿ ಬಂದವರು ಮತ್ತೆ ಪ್ರವಾಸ ಹೋಗಲೇ ಇಲ್ಲ. ನವೆಂಬರ್ ಕೊನೆಗೆ ಹೊಸ ಹಾಡಿನ ಕೆಲಸ ಶುರುವಾಯಿತು, ಆದರೆ ಹಬ್ಬಕ್ಕೆ ಮುಗಿಯುವ ಹಾಗಿರಲಿಲ್ಲ. ಅಂಗಡಿಗೆ ಸರಕು ಬೇಕಲ್ಲ! ಕಂಪನಿಯವರು ಹಳೆಯ ಹಾಡುಗಳಲ್ಲಿ 16 ಆರಿಸಿ ಡಿಸೆಂಬರಿನಲ್ಲಿ ‘ಎ ಕಲೆಕ್ಷನ್ ಆಫ್ ಬೀಟಲ್ಸ್ ಓಲ್ಡೀಸ್’ ಅಂತ ಹೊರತಂದರು. ಹಳೆಯದು ಅಂದರೆ ಎಷ್ಟು ಹಳೆಯದು? ಎಲ್ಲಕ್ಕಿಂತ ಹಳೆಯ ಹಾಡಿಗೂ ನಾಲ್ಕು ವರ್ಷ ತುಂಬಿರಲಿಲ್ಲ.

ಇದು ಬರೀ ವ್ಯಾಪಾರದ ಉಪಾಯ ಅಂತ ತಳ್ಳಿಹಾಕುವಂತಿಲ್ಲ. ಆಗ ಬ್ರಿಟನ್ನಿನಲ್ಲಿ ಎರಡು ಹಾಡಿನ ಚಿಕ್ಕ ರೆಕಾರ್ಡೂ ಬರುತ್ತಿತ್ತು. ಬೀಟಲ್ಸರು ಚಿಕ್ಕದರ ಹಾಡನ್ನು ಎಷ್ಟೋ ಸಲ ದೊಡ್ಡದರಲ್ಲಿ ಹಾಕುತ್ತಿರಲಿಲ್ಲ. ಹಾಗಾಗಿ ಈ 16ರಲ್ಲಿ 8 ಹಾಡುಗಳು ಅಲ್ಲಿ ಅವರ ಯಾವ ದೊಡ್ಡ ರೆಕಾರ್ಡಿನಲ್ಲೂ ಇರಲಿಲ್ಲ. ‘ಬ್ಯಾಡ್ ಬಾಯ್’ ಅಂತೂ 1965ರಲ್ಲೇ ಅಮೆರಿಕದವರ ಕೈ ಸೇರಿತ್ತು, ಸ್ವಂತ ದೇಶದವರಿಗೆ ಸಿಕ್ಕಿದ್ದು ಈಗ. ಚದುರಿಹೋಗಿದ್ದು ಒಂದು ಕಡೆ ಕೂಡಿತು. ಆದರೂ ಹಿಂದಿನ ಏಳೂ ದೊಡ್ಡ ರೆಕಾರ್ಡುಗಳು ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದರೆ, ಇದು 7ನೇ ಸ್ಥಾನದಲ್ಲೇ ನಿಂತಿತು.

ಇದನ್ನು ಕೂಡಿಸುವಾಗ ಇನ್ನೊಂದು ಸಂಗತಿ ಎದುರಾಯಿತು. ಎರಡು ಸ್ಪೀಕರಿನಲ್ಲಿ ಕೇಳುವ ಸ್ಟೀರಿಯೊ ರೆಕಾರ್ಡು ಮಾಡಬೇಕಾದರೆ ವಾದ್ಯ, ದನಿ ಬೇರೆಬೇರೆಯಾಗಿ ಇರುವ ಮೂಲ ಟೇಪು ಬೇಕು. 1963ರ ‘ಶಿ ಲವ್ಸ್ ಯೂ’ ಹಾಡಿನ ಮೂಲ ಟೇಪು ಉಳಿದಿರಲಿಲ್ಲ. ಬ್ರಿಟನ್ನಿನಲ್ಲಿ ಅವರ ಚಿಕ್ಕ ರೆಕಾರ್ಡುಗಳಲ್ಲೆಲ್ಲ ಹೆಚ್ಚು ಮಾರಿದ್ದು ಇದೇ! ಎಲ್ಲ ಸೇರಿ ಒಂದಾಗಿದ್ದ ಪ್ರತಿ ಮಾತ್ರ ಇತ್ತು. ಎಂಜಿನಿಯರುಗಳು ಅದರ ತಗ್ಗು ಸ್ವರಗಳನ್ನು ಒಂದು ಕಡೆಗೂ ಏರು ಸ್ವರಗಳನ್ನು ಇನ್ನೊಂದು ಕಡೆಗೂ ಸರಿಸಿ, ಸ್ಟೀರಿಯೊದಂತೆ ಕೇಳಿಸುವ ಹಾಗೆ ಮಾಡಿ ಸುಧಾರಿಸಿದರು.

ಲಕ್ಷಾಂತರ ಮನೆಯಲ್ಲಿ ಕೇಳಿದ ಹಾಡು, ಮೂರೇ ವರ್ಷದಲ್ಲಿ ಅದರ ಮೂಲ ಇಲ್ಲ. ಎಲ್ಲರಿಗೂ ಗೊತ್ತಿದೆ ಅಂದ ಮಾತ್ರಕ್ಕೆ ಒಂದು ವಸ್ತು ಉಳಿಯುವುದಿಲ್ಲ. ಯಾರಾದರೂ ಜೋಪಾನವಾಗಿ ಎತ್ತಿಡಬೇಕು.