ಮೂರು ನಿಮಿಷದ ಮಹಾಪ್ರಬಂಧ ಸ್ಪರ್ಧೆ

ಪಿಎಚ್.ಡಿ. ಪದವಿಗಾಗಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿಗಳು ತಮ್ಮ ಅಧ್ಯಯನದ ವಿಷಯ, ಅದರ ಅಗತ್ಯ ಮತ್ತು ಫಲಿತವನ್ನು ಆ ವಿಷಯದ ಪರಿಚಯವಿಲ್ಲದ ಸಭಿಕರಿಗೂ ತಿಳಿಯುವಂತೆ ಮೂರು ನಿಮಿಷದೊಳಗೆ ಹೇಳಿ ಮುಗಿಸುವ ಭಾಷಣ ಸ್ಪರ್ಧೆ ಇದು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿರುವ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಆರಂಭವಾಯಿತು. ‘ತ್ರೀ ಮಿನಿಟ್ ಥೀಸಿಸ್’ ಎಂಬ ಹೆಸರು ಆ ವಿಶ್ವವಿದ್ಯಾಲಯದ ನೋಂದಾಯಿತ ಮುದ್ರೆ. 85ಕ್ಕೂ ಹೆಚ್ಚು ದೇಶಗಳ 900ಕ್ಕೂ ಮಿಕ್ಕ ವಿಶ್ವವಿದ್ಯಾಲಯಗಳಲ್ಲಿ ಸ್ಪರ್ಧೆ ನಡೆಯುತ್ತದೆಂದು ಅದು ಹೇಳಿಕೊಂಡಿದೆ. ಇದೇ ಬಗೆಯ ಬೇರೆ ಸ್ಪರ್ಧೆಗಳೂ ಅದೇ ಕಾಲದಲ್ಲಿ ಹುಟ್ಟಿಕೊಂಡಿದ್ದರಿಂದ ಯಾವುದು ಎಲ್ಲಿಂದ ಬಂತು ಎಂಬ ವಿಷಯದಲ್ಲಿ ಬರಹಗಳಲ್ಲಿ ಸಾಕಷ್ಟು ಗೊಂದಲವಿದೆ.

ಸ್ಪರ್ಧೆಯ ನಿಯಮಗಳು ಕೆಲವೇ, ಆದರೆ ಬಿಗಿಯಾದವು. ಭಾಷಣಕಾರ ಪರದೆಯ ಮೇಲೆ ಒಂದೇ ಒಂದು ಸ್ಲೈಡ್ ತೋರಿಸಬಹುದು. ಅದರಲ್ಲಿ ಚಲನೆಯಾಗಲಿ ಧ್ವನಿಯಾಗಲಿ ಇರಕೂಡದು. ವೇಷಭೂಷಣ, ಪ್ರಯೋಗಶಾಲೆಯ ಉಪಕರಣ, ಸಂಗೀತ ವಾದ್ಯ ಮುಂತಾದ ಯಾವ ಸಾಮಗ್ರಿಯನ್ನೂ ವೇದಿಕೆಗೆ ತರುವಂತಿಲ್ಲ. ಆಡುಮಾತಿನಲ್ಲೇ ಹೇಳಬೇಕು, ಪದ್ಯ, ಹಾಡು, ರ‍್ಯಾಪ್ ಸಲ್ಲದು. ಭಾಷಣಕಾರ ಬಾಯಿ ತೆರೆದ ಅಥವಾ ಅಭಿನಯಕ್ಕೆ ತೊಡಗಿದ ಕ್ಷಣದಿಂದಲೇ ಗಡಿಯಾರ ಓಡತೊಡಗುತ್ತದೆ. ಮೂರು ನಿಮಿಷ ಮೀರಿದವರು ಸ್ಪರ್ಧೆಯಿಂದ ಹೊರಬೀಳುತ್ತಾರೆ. ತೀರ್ಪುಗಾರರು ನೋಡುವುದು ಮುಖ್ಯವಾಗಿ ಎರಡನ್ನು: ವಿಷಯ ಸಭೆಗೆ ತಿಳಿಯಿತೇ, ಸಭೆಯ ಮನಸ್ಸನ್ನು ಭಾಷಣ ಹಿಡಿದಿಟ್ಟಿತೇ. ತಮ್ಮ ಸಂಶೋಧನೆಯ ಪ್ರಸ್ತಾವ ಅಂಗೀಕಾರವಾಗಿ, ಪದವಿ ಇನ್ನೂ ಕೈಸೇರದ ಹಂತದಲ್ಲಿರುವವರಿಗೆ ಮಾತ್ರ ಪ್ರವೇಶ.

80,000 ಪದಗಳ ಮಹಾಪ್ರಬಂಧವನ್ನು ಓದಿಹೇಳಲು 9 ಗಂಟೆ ಬೇಕು, ಸ್ಪರ್ಧಿಗಳಿಗೆ ಇರುವುದು 3 ನಿಮಿಷ ಎಂಬುದು ಸಂಘಟಕರ ಪ್ರಚಾರವಾಕ್ಯ. ಆ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 148 ಪದ ಆಡಿದಂತಾಗುತ್ತದೆ. ಅದೇ ವೇಗ ಹಿಡಿದರೆ ಇಡೀ ಭಾಷಣಕ್ಕೆ ಸಿಗುವುದು 440ರಷ್ಟು ಪದ, ಅಂದರೆ ಮೂಲದ 180ನೇ ಒಂದು ಭಾಗ. ಈ ಪ್ರಮಾಣದಲ್ಲಿ ಸಂಕ್ಷೇಪ ಸಾಧ್ಯವೇ ಇಲ್ಲ. ಸ್ಪರ್ಧಿ ತನ್ನ ಪ್ರಬಂಧದಿಂದ ಒಂದು ಪ್ರಶ್ನೆಯನ್ನು ಆರಿಸಿಕೊಂಡು ಉಳಿದುದನ್ನು ಬಿಡಲೇಬೇಕಾಗುತ್ತದೆ. ಪ್ರಬಂಧದ ಅಧ್ಯಾಯಗಳನ್ನು ಒಂದೊಂದು ವಾಕ್ಯಕ್ಕಿಳಿಸಲು ಹೋದವರ ಭಾಷಣ ವಿಷಯಸೂಚಿಯಾಗಿಬಿಡುತ್ತದೆ.

ಸ್ಪರ್ಧೆಯ ಹುಟ್ಟಿಗೆ ಸಂಬಂಧಿಸಿದ ಪ್ರಸಿದ್ಧ ಕಥೆಯೊಂದಿದೆ. ಆಗ ವಿಶ್ವವಿದ್ಯಾಲಯದ ಸ್ನಾತಕೋತ್ತರ ಸಂಶೋಧನಾ ವಿಭಾಗದ ಡೀನ್ ಆಗಿದ್ದವರು ಅಲನ್ ಲಾಸನ್. ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯ ತೀವ್ರ ಬರದಲ್ಲಿ ಸಿಲುಕಿತ್ತು. ಸ್ನಾನಕ್ಕೆ ನೀರು ಹಿಡಿತದಲ್ಲಿ ಬಳಸಲೆಂದು ಜನರು ಮೊಟ್ಟೆ ಬೇಯಿಸುವಾಗ ಬಳಸುವ ಮೂರು ನಿಮಿಷದ ಮರಳುಗಡಿಯಾರವನ್ನು ಬಚ್ಚಲಮನೆಯ ಗೋಡೆಗೆ ಅಂಟಿಸಿಕೊಂಡಿದ್ದರು. ಅದನ್ನು ಕಂಡು ಲಾಸನ್ ಅವರಿಗೆ ಮೂರು ನಿಮಿಷದ ಭಾಷಣದ ಆಲೋಚನೆ ಹೊಳೆಯಿತು ಎಂದು ವಿಶ್ವವಿದ್ಯಾಲಯವೇ ದಾಖಲಿಸಿದೆ. ಜಗತ್ತಿನಾದ್ಯಂತ ಸ್ಪರ್ಧೆಯ ಪರಿಚಯಪತ್ರಗಳಲ್ಲಿ ಈ ಕಥೆ ಹೆಚ್ಚೂಕಡಿಮೆ ಇದೇ ಮಾತುಗಳಲ್ಲಿ ಮರುಮುದ್ರಣಗೊಳ್ಳುತ್ತದೆ.

ಬರದ ಸಂಗತಿ ನಿಜ. ಬ್ರಿಸ್ಬೇನ್‌ಗೆ ನೀರೊದಗಿಸುವ ವೈವನ್‌ಹೋ, ಸಾಮರ್‌ಸೆಟ್ ಮತ್ತು ನಾರ್ತ್ ಪೈನ್ ಜಲಾಶಯಗಳ ಒಟ್ಟು ಸಂಗ್ರಹ 2007ರ ಆಗಸ್ಟ್‌ನಲ್ಲಿ ಸಾಮರ್ಥ್ಯದ ಶೇ. 17ಕ್ಕಿಂತ ಕೆಳಗಿಳಿದಿತ್ತು. ತಲಾ ದಿನಕ್ಕೆ 140 ಲೀಟರ್ ಮೀರದಂತೆ ನೀರು ಬಳಸಬೇಕೆಂಬ ‘ಟಾರ್ಗೆಟ್ 140’ ಅಭಿಯಾನ ಅದೇ ವರ್ಷ ಶುರುವಾಯಿತು. ಆದರೆ ಆ ಅಭಿಯಾನ ಜನರಿಗೆ ಬೋಧಿಸಿದ್ದು ನಾಲ್ಕು ನಿಮಿಷದ ಸ್ನಾನವನ್ನು. ಮನೆಗಳಿಗೆ ಹಂಚಿದ ಬಚ್ಚಲು ಗಡಿಯಾರಗಳೂ ನಾಲ್ಕು ನಿಮಿಷದವು. ಸರ್ಕಾರವೇ ಮೂರು ನಿಮಿಷದ ಮಿತಿ ಹೇರಿತ್ತು ಎಂದು ಕೆಲವೆಡೆ ಕಾಣುವ ಹೇಳಿಕೆ ಹಾಗಾಗಿ ಸರಿಯಲ್ಲ. ಮೂಲ ವೃತ್ತಾಂತದಲ್ಲಿ ಬರುವುದು ಅಡುಗೆಮನೆಯ ಗಡಿಯಾರ. ಅದರ ಸಾಮಾನ್ಯ ಅಳತೆ ಮೂರು ನಿಮಿಷವೇ. ಎರಡನ್ನೂ ಬೆರೆಸದೆ ಓದಿದರೆ ಕಥೆಯಲ್ಲಿ ವಿರೋಧವಿಲ್ಲ.

ಇದಕ್ಕಿಂತ ಮುಖ್ಯವಾದುದು, ಮೂರು ನಿಮಿಷದ ವಿಜ್ಞಾನ ಭಾಷಣ ಆಗಲೇ ಬೇರೆಡೆ ರೂಢಿಗೆ ಬಂದಿತ್ತು ಎಂಬುದು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ವಿಜ್ಞಾನ ಉತ್ಸವ 2005ರಲ್ಲಿ ‘ಫೇಮ್‌ಲ್ಯಾಬ್’ ಸ್ಪರ್ಧೆ ಆರಂಭಿಸಿತ್ತು. ಅಲ್ಲಿಯೂ ಮಿತಿ ಮೂರು ನಿಮಿಷ. ಬ್ರಿಟಿಷ್ ಕೌನ್ಸಿಲ್‌ನ ಸಹಯೋಗದಿಂದ 2007ರ ಹೊತ್ತಿಗೆ ಅದು ಬೇರೆ ದೇಶಗಳಿಗೂ ಹೊರಟಿತ್ತು. ಅದಕ್ಕೂ ಮುನ್ನ, 2003ರಲ್ಲಿ, ಟೋಕಿಯೋದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿಗಳಾದ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ 20 ಚಿತ್ರಗಳನ್ನು ತಲಾ 20 ಸೆಕೆಂಡ್ ತೋರಿಸಿ ಮಾತಾಡುವ ‘ಪೆಚಕುಚ’ ಪದ್ಧತಿ ತಂದಿದ್ದರು. ಜರ್ಮನಿಯಲ್ಲಿ ಕಾವ್ಯವಾಚನ ಸ್ಪರ್ಧೆಗಳ ಮಾದರಿಯಲ್ಲಿ ‘ಸೈನ್ಸ್ ಸ್ಲ್ಯಾಮ್’ 2006ರಲ್ಲಿ ಹುಟ್ಟಿತು. ಸಂಶೋಧನೆಯನ್ನು ನೃತ್ಯವಾಗಿಸುವ ‘ಡ್ಯಾನ್ಸ್ ಯುವರ್ ಪಿಎಚ್.ಡಿ.’ ಸ್ಪರ್ಧೆಯೂ ಬ್ರಿಸ್ಬೇನ್ ಸ್ಪರ್ಧೆಯ ಆಸುಪಾಸಿನದು. ಇವುಗಳಲ್ಲಿ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳುವುದು ದುಡುಕಾಗುತ್ತದೆ. ಮಾತನ್ನು ಕಾಲದ ಚೌಕಟ್ಟಿಗೆ ಕಟ್ಟಿಹಾಕುವ ಹಂಬಲ ಆ ದಶಕದ ಗಾಳಿಯಲ್ಲೇ ಇತ್ತು. ಬ್ರಿಸ್ಬೇನ್‌ನಲ್ಲಿ ಹೊಸದಾಗಿ ಬಂದದ್ದು ಅದನ್ನು ಪಿಎಚ್.ಡಿ. ವ್ಯಾಸಂಗದ ಒಳಕ್ಕೆ ತಂದು, ವಿಶ್ವವಿದ್ಯಾಲಯದ ವಾರ್ಷಿಕ ಕಾರ್ಯಕ್ರಮವನ್ನಾಗಿ ಮಾಡಿದ ವ್ಯವಸ್ಥೆ.

ಈ ಬೆಳವಣಿಗೆ ಆಸ್ಟ್ರೇಲಿಯದಲ್ಲೇ ಏಕೆ ಆಯಿತೆಂಬುದನ್ನು ವಿವರಿಸಲು ಬಚ್ಚಲ ಗಡಿಯಾರಕ್ಕಿಂತ ಅಲ್ಲಿನ ಪರೀಕ್ಷಾ ಪದ್ಧತಿ ಹೆಚ್ಚು ನೆರವಾಗುತ್ತದೆ. ಭಾರತ, ಬ್ರಿಟನ್‌ಗಳಲ್ಲಿ ಮಹಾಪ್ರಬಂಧ ಸಲ್ಲಿಸಿದವರು ಮೌಖಿಕ ಪರೀಕ್ಷೆಗೆ ಕೂರಬೇಕು. ನೆದರ್‌ಲ್ಯಾಂಡ್ಸ್, ಸ್ವೀಡನ್ ಮೊದಲಾದ ಕಡೆ ಬಹಿರಂಗ ಸಭೆಯಲ್ಲಿ ತಮ್ಮ ವಾದವನ್ನು ಸಮರ್ಥಿಸಿಕೊಳ್ಳಬೇಕು. ಆಸ್ಟ್ರೇಲಿಯದಲ್ಲಿ ಬಹುಕಾಲ ಇದಾವುದೂ ಇರಲಿಲ್ಲ. ಪರೀಕ್ಷಕರಲ್ಲಿ ಹಲವರು ಸಾಗರದಾಚೆಯವರು. ಪ್ರಬಂಧ ಅವರಿಗೆ ಅಂಚೆಯಲ್ಲಿ ಹೋಗುತ್ತಿತ್ತು, ಬರವಣಿಗೆಯ ವರದಿ ಮರಳಿ ಬರುತ್ತಿತ್ತು, ಅದರ ಮೇಲೆ ಪದವಿ ತೀರ್ಮಾನವಾಗುತ್ತಿತ್ತು. ಹಲವು ವರ್ಷ ದುಡಿದವರು ತಮ್ಮ ಕೆಲಸದ ಬಗ್ಗೆ ಒಮ್ಮೆಯೂ ಸಭೆಯೆದುರು ಮಾತಾಡದೆ ಡಾಕ್ಟರೇಟ್ ಪಡೆಯುವುದು ಸಾಧ್ಯವಿತ್ತು. ಇದರ ಜೊತೆಗೆ 2001ರಲ್ಲಿ ಜಾರಿಗೆ ಬಂದ ಸಂಶೋಧನಾ ತರಬೇತಿ ಯೋಜನೆ, ವಿಶ್ವವಿದ್ಯಾಲಯಗಳಿಗೆ ಸಿಗುವ ಹಣವನ್ನು ಪದವಿ ಪೂರೈಸಿದವರ ಸಂಖ್ಯೆಯೊಂದಿಗೆ ಜೋಡಿಸಿತ್ತು. ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಾಚೆಯ ಕೌಶಲಗಳನ್ನೂ ಕಲಿಸಬೇಕೆಂಬ ಒತ್ತಾಯ ಬಲಗೊಂಡಿತ್ತು. ಮಾತಿಗೆ ಜಾಗವೇ ಇಲ್ಲದ ಪದವಿಯಲ್ಲಿ ಮೂರು ನಿಮಿಷದ ಮಾತು ತುಂಬಿದ ಕೊರತೆ ದೊಡ್ಡದು.

2008ರ ಮೊದಲ ಸ್ಪರ್ಧೆಯಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ 160 ಸಂಶೋಧನಾ ವಿದ್ಯಾರ್ಥಿಗಳು ಭಾಗವಹಿಸಿದರು. ಮರುವರ್ಷ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ನ ಇತರ ವಿಶ್ವವಿದ್ಯಾಲಯಗಳಿಗೆ ಆಹ್ವಾನ ಹೋಯಿತು. 2010ರಲ್ಲಿ ಎರಡೂ ದೇಶಗಳ ನಡುವಣ ಮೊದಲ ಸ್ಪರ್ಧೆ ಏರ್ಪಟ್ಟಾಗ 33 ವಿಶ್ವವಿದ್ಯಾಲಯಗಳು ಸೇರಿದವು. 2011ರಲ್ಲಿ ಫಿಜಿಯೂ ಸೇರಿ ಸಂಖ್ಯೆ 43ಕ್ಕೇರಿತು. ಆ ವರ್ಷದ ಅಂತಿಮ ಸುತ್ತು ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅಪರಾಧ ತನಿಖೆಯಲ್ಲಿ ಬೆರಳಚ್ಚು ತಜ್ಞರ ತೀರ್ಮಾನ ಎಷ್ಟು ನಂಬಲರ್ಹ ಎಂಬ ಪ್ರಶ್ನೆಯನ್ನೆತ್ತಿದ ಭಾಷಣ ಅದರಲ್ಲಿ ಗೆದ್ದಿತು. 2016ರಿಂದ ಈ ಸ್ಪರ್ಧೆ ಏಷ್ಯಾ–ಪೆಸಿಫಿಕ್ ವಲಯಕ್ಕೆ ವಿಸ್ತರಿಸಿದೆ.

ಬ್ರಿಟನ್‌ನಲ್ಲಿ ಸಂಶೋಧಕರ ವೃತ್ತಿಬೆಳವಣಿಗೆಗಾಗಿ ದುಡಿಯುವ ವೈಟೇ ಸಂಸ್ಥೆ 2014ರಿಂದ ರಾಷ್ಟ್ರಮಟ್ಟದ ಸುತ್ತು ನಡೆಸಿತು. ಉತ್ತರ ಅಮೆರಿಕದಲ್ಲಿ ಈ ಸ್ಪರ್ಧೆಯನ್ನು 2011ರಲ್ಲಿ ಮೊದಲು ನಡೆಸಿದ್ದು ತಾನೆಂದು ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯ ಹೇಳಿಕೊಳ್ಳುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಅದರ ಸಾಂತಾ ಬಾರ್ಬರಾ ಆವರಣದಲ್ಲಿ 2013ರಲ್ಲಿ ಶುರುವಾದ ‘ಗ್ರಾಡ್ ಸ್ಲ್ಯಾಮ್’ 2015ರಿಂದ ವಿಶ್ವವಿದ್ಯಾಲಯದ ಎಲ್ಲ ಆವರಣಗಳ ಸ್ಪರ್ಧೆಯಾಯಿತು. ಅಲ್ಲಿ ಒಂದಕ್ಕಿಂತ ಹೆಚ್ಚು ಸ್ಲೈಡ್‌ಗಳಿಗೆ ಅವಕಾಶವಿದೆ. ಅವಧಿ ಒಂದೇ ಆದ್ದರಿಂದ ಇದನ್ನು ಬ್ರಿಸ್ಬೇನ್ ಸ್ಪರ್ಧೆಯ ಶಾಖೆಯೆಂದು ತಿಳಿಯುವವರಿದ್ದಾರೆ. ಆಡಳಿತದ ದೃಷ್ಟಿಯಿಂದ ಇವು ಬೇರೆ ಬೇರೆ. ಬರ್ಲಿನ್‌ನ ‘ಫಾಲಿಂಗ್ ವಾಲ್ಸ್ ಲ್ಯಾಬ್’ ಕೂಡ ಮೂರು ನಿಮಿಷದ್ದೇ. 2011ರಲ್ಲಿ ಶುರುವಾದ ಅದು ಪಿಎಚ್.ಡಿ. ವಿದ್ಯಾರ್ಥಿಗಳಿಗಷ್ಟೇ ಸೀಮಿತವಲ್ಲ.

ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ಫ್ರೆಂಚ್ ಭಾಷೆಯ ಕವಲು. ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಭಾಷೆಯಲ್ಲಿ ಜ್ಞಾನಪ್ರಸಾರಕ್ಕಾಗಿ ಇರುವ ಸಂಸ್ಥೆ ಆಕ್ಫಾಸ್, ಬ್ರಿಸ್ಬೇನ್ ಮಾದರಿಯಿಂದ ಪ್ರೇರಣೆ ಪಡೆದು 2012ರಲ್ಲಿ ‘ಮಾ ತೇಜ್ ಆನ್ 180 ಸೆಕೋಂದ್’ ಸ್ಪರ್ಧೆಯನ್ನು ಮಾಂಟ್ರಿಯಲ್‌ನಲ್ಲಿ ಆರಂಭಿಸಿತು. ಫ್ರಾನ್ಸ್‌ನಲ್ಲಿ ಲೊರೇನ್ ವಿಶ್ವವಿದ್ಯಾಲಯ 2013ರಲ್ಲಿ ಅದನ್ನು ಪ್ರಯೋಗಿಸಿ ನೋಡಿತು. ಮರುವರ್ಷ ಅಲ್ಲಿನ ರಾಷ್ಟ್ರೀಯ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ವಿಶ್ವವಿದ್ಯಾಲಯಾಧ್ಯಕ್ಷರ ಒಕ್ಕೂಟ ಕೂಡಿ ದೇಶವ್ಯಾಪಿಯಾಗಿಸಿದವು. ಅಂತಾರಾಷ್ಟ್ರೀಯ ಅಂತಿಮ ಸುತ್ತು 2014ರಲ್ಲಿ ಮಾಂಟ್ರಿಯಲ್, 2015ರಲ್ಲಿ ಪ್ಯಾರಿಸ್, 2016ರಲ್ಲಿ ಮೊರಾಕೊದ ರಬಾತ್, 2017ರಲ್ಲಿ ಬೆಲ್ಜಿಯಂನ ಲಿಯೇಜ್ ನಗರಗಳಲ್ಲಿ ನಡೆಯಿತು. ವಿಜ್ಞಾನದ ಪ್ರಕಟಣೆಗಳು ಬಹುಪಾಲು ಇಂಗ್ಲಿಷಿಗೆ ಸರಿದಿರುವಾಗ, ಸಂಶೋಧಕ ತನ್ನ ಕೆಲಸವನ್ನು ನಾಡಿನ ಜನರ ಭಾಷೆಯಲ್ಲಿ ಹೇಳಲು ಕಲಿಯಬೇಕೆಂಬುದು ಇಲ್ಲಿ ಸ್ಪರ್ಧೆಯ ಪ್ರಮುಖ ಉದ್ದೇಶ. ಮೂಲ ಸ್ಪರ್ಧೆಗೆ ಇಲ್ಲದ ಒಂದು ಸಾಂಸ್ಕೃತಿಕ ಜವಾಬ್ದಾರಿಯನ್ನು ಈ ಕವಲು ಹೊತ್ತಿದೆ. ವೈದ್ಯಕೀಯ, ಭೌತವಿಜ್ಞಾನ, ಕಾನೂನುಗಳ ಪರಿಭಾಷೆಯನ್ನು ಆಡುನುಡಿಗೆ ಇಳಿಸುವ ಅಭ್ಯಾಸ ಇದರಿಂದ ನೂರಾರು ಯುವ ಸಂಶೋಧಕರಿಗೆ ಸಿಕ್ಕಿದೆ. ಭಾರತೀಯ ಭಾಷೆಗಳ ವಿಶ್ವವಿದ್ಯಾಲಯಗಳಿಗೆ ಬ್ರಿಸ್ಬೇನ್‌ಗಿಂತ ಕ್ವಿಬೆಕ್‌ನ ಮಾದರಿಯೇ ಹತ್ತಿರದ್ದು.

ಸಭೆಯಿಲ್ಲದೆ, ಧ್ವನಿಚಿತ್ರದ ಮೂಲಕ ಸ್ಪರ್ಧೆ ನಡೆಸುವ ಕ್ರಮ ಕೋವಿಡ್ ಕಾಲದ ಆವಿಷ್ಕಾರವೆಂದು ಭಾವಿಸುವುದುಂಟು. ಆದರೆ ಯೂನಿವರ್ಸಿಟಾಸ್ 21 ಎಂಬ ವಿಶ್ವವಿದ್ಯಾಲಯಗಳ ಕೂಟ 2013ರಲ್ಲೇ ತನ್ನ ಸದಸ್ಯ ಸಂಸ್ಥೆಗಳ ವಿಜೇತರ ಧ್ವನಿಚಿತ್ರಗಳನ್ನು ತರಿಸಿಕೊಂಡು ಸ್ಪರ್ಧೆ ನಡೆಸಿತ್ತು. 2020ರಲ್ಲಿ ಸಭಾಂಗಣಗಳು ಮುಚ್ಚಿದಾಗ ಈ ಅನುಭವ ನೆರವಿಗೆ ಬಂತು. ಸಾದಾ ಹಿನ್ನೆಲೆ, ಕದಲದ ಒಂದೇ ಕ್ಯಾಮೆರಾ ಕೋನ ಮುಂತಾದ ನಿಯಮಗಳು ಬಳಕೆಗೆ ಬಂದವು. ಚಿತ್ರೀಕರಣದ ಗುಣಮಟ್ಟಕ್ಕೆ ಅಂಕವಿಲ್ಲವೆಂದು ಸ್ಪಷ್ಟಪಡಿಸಲಾಯಿತು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಹುಟ್ಟಿದ ‘ವಿಶುವಲೈಸ್ ಯುವರ್ ಥೀಸಿಸ್’ ಸ್ಪರ್ಧೆ ಇನ್ನೂ ಮುಂದೆ ಹೋಗಿ, ಭಾಷಣದ ಬದಲು 60 ಸೆಕೆಂಡ್‌ನ ದೃಶ್ಯಪ್ರಸ್ತುತಿಯನ್ನೇ ಕೇಳುತ್ತದೆ.

ಸ್ಪರ್ಧೆಯ ಭಾಷಣವೇ ಸಂಶೋಧನೆಯ ವಸ್ತುವಾದದ್ದು ಈಚೆಗೆ. ಗುವಾಂಗ್‌ವೇ ಹು ಮತ್ತು ಯಾನ್‌ಹುವಾ ಲಿಯು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾಷಣಗಳ ರಚನೆಯಲ್ಲಿ ಎಂಟು ಹಂತಗಳನ್ನು ಗುರುತಿಸಿತು. ಸಭಿಕರನ್ನು ವಿಷಯದತ್ತ ತಿರುಗಿಸುವುದು, ಅಧ್ಯಯನದ ಅಗತ್ಯ, ಉದ್ದೇಶ, ವಿಧಾನ, ಫಲಿತಾಂಶ, ಅದರ ಪ್ರಯೋಜನ ಮೊದಲಾದವು ಅವುಗಳಲ್ಲಿ ಸೇರಿವೆ. ಜ್ಞಾನಶಾಖೆ ಬದಲಾದಂತೆ ಈ ಹಂತಗಳ ಬಳಕೆಯೂ ಬದಲಾಗುತ್ತದೆಂದು ಅವರು ತೋರಿಸಿದರು. ಎಲಿಜಬೆತ್ ರೌಲಿ-ಜೊಲಿವೆ ಮತ್ತು ಶರ್ಲಿ ಕಾರ್ಟರ್-ಥಾಮಸ್, ತಜ್ಞರಿಗಾಗಿ ಬರೆದ ಸಂಶೋಧನೆ ಸಾಮಾನ್ಯ ಸಭೆಯೆದುರು ಬರುವಾಗ ಹೇಗೆ ಮಾರ್ಪಡುತ್ತದೆಂಬುದನ್ನು ಪರಿಶೀಲಿಸಿದ್ದಾರೆ. ಒಂದು ವಿಶ್ವವಿದ್ಯಾಲಯದ ಸ್ಪರ್ಧೆಯಾಗಿ ಹುಟ್ಟಿದ್ದು ಹತ್ತೇ ವರ್ಷಗಳಲ್ಲಿ ತನ್ನದೇ ಲಕ್ಷಣಗಳುಳ್ಳ ಪ್ರಕಾರವಾಗಿ ನೆಲೆಗೊಂಡಿತೆಂಬುದಕ್ಕೆ ಇಂಥ ಅಧ್ಯಯನಗಳು ಸಾಕ್ಷಿ.

ಆಕ್ಷೇಪಗಳು ಮೊದಲಿನಿಂದಲೂ ಇವೆ. ಮೂರು ನಿಮಿಷಕ್ಕೆ ಇಳಿಸಿದರೆ ಸಂಶೋಧನೆಯ ಸಂದೇಹಗಳು, ಷರತ್ತುಗಳು, ವಿಫಲ ಪ್ರಯೋಗಗಳು ಮರೆಯಾಗಿ ಫಲಿತಾಂಶವೊಂದೇ ಹೊಳೆಯುತ್ತದೆ ಎಂಬುದು ಒಂದು. ರೋಗ, ಔಷಧ, ಹವಾಮಾನಗಳಂಥ ವಿಷಯಗಳ ಪ್ರಯೋಜನ ಸಭೆಗೆ ಬೇಗ ಹತ್ತುತ್ತದೆ, ತತ್ತ್ವಶಾಸ್ತ್ರಕ್ಕೂ ಶುದ್ಧ ಗಣಿತಕ್ಕೂ ಆ ಅನುಕೂಲವಿಲ್ಲ ಎಂಬುದು ಇನ್ನೊಂದು. ಲಾಸನ್ ಸ್ವತಃ ಸಾಹಿತ್ಯ ವಿದ್ವಾಂಸರಾಗಿದ್ದರು. ಸ್ಪರ್ಧೆ ವಿಜ್ಞಾನಗಳಿಗೆಂದೇ ರೂಪುಗೊಂಡಿತೆನ್ನಲು ಬರುವುದಿಲ್ಲ. ಆದರೂ ಪ್ರಯೋಜನವನ್ನು ಕೊನೆಯಲ್ಲಿ ಎತ್ತಿ ಹೇಳುವ ರೂಢಿ ಬೆಳೆದಿರುವುದರಿಂದ ಆಕ್ಷೇಪದಲ್ಲಿ ಹುರುಳಿದೆ. ಇಂಗ್ಲಿಷ್ ಮನೆಮಾತಲ್ಲದವರಿಗೆ ಆಗುವ ತೊಡಕು ಮೂರನೆಯದು. ಉಳಿದ ಎರಡಕ್ಕಿಂತ ಗಂಭೀರವಾದ ಪ್ರಶ್ನೆ ಇದು. ಮೂರೇ ನಿಮಿಷದಲ್ಲಿ ಉಚ್ಚಾರಣೆಯ ಸಣ್ಣ ತಡೆಯೂ ತೀರ್ಪಿನ ಮೇಲೆ ನೆರಳು ಬೀರಬಹುದು.

ಭಾರತದಲ್ಲಿ ಮಹಾಪ್ರಬಂಧದ ಬಹಿರಂಗ ಮೌಖಿಕ ಪರೀಕ್ಷೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳಲ್ಲೇ ಇದೆ. ಮಾತಾಡದೆ ಪದವಿ ಪಡೆಯುವ ಪ್ರಶ್ನೆ ಇಲ್ಲಿಲ್ಲ. ಆದರೆ ಆ ಮಾತು ತಜ್ಞರನ್ನು ಉದ್ದೇಶಿಸಿದ್ದು. ಜನಸಾಮಾನ್ಯರಿಗೆ ಸಂಶೋಧನೆಯನ್ನು ತಿಳಿಸುವ ಕೆಲಸಕ್ಕೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ಆರಂಭಿಸಿದ ‘ಅವಸರ್’ ಯೋಜನೆ ಆರಿಸಿಕೊಂಡದ್ದು ಬರವಣಿಗೆಯನ್ನು. ಪಿಎಚ್.ಡಿ. ವಿದ್ಯಾರ್ಥಿಗಳೂ ಪಿಎಚ್.ಡಿ. ಮುಗಿಸಿ ಸಂಶೋಧನೆ ಮುಂದುವರಿಸಿದವರೂ ತಮ್ಮ ಕೆಲಸದ ಬಗ್ಗೆ ಬರೆದ ಜನಪ್ರಿಯ ಲೇಖನಗಳಿಗೆ ಅದು ಬಹುಮಾನ ನೀಡಿತು.